ಅದೇ ಅಡುಗೆ, ಬೇರೆ ಕೋಣೆ

ಅಮ್ಮ ಆಸ್ಪತ್ರೆಯಲ್ಲಿದ್ದ ಹತ್ತು ದಿನವೂ ನಾವು ಮನೆಯಿಂದಲೇ ಊಟ ಒಯ್ಯುತ್ತಿದ್ದೆವು. ಅದೇ ಒಲೆ, ಅದೇ ಪಾತ್ರೆ, ಅದೇ ಕೈ. ಅವರು ಎರಡು ತುತ್ತು ತಿಂದು, ‘ರುಚಿಯೇ ಇಲ್ಲ’ ಎಂದು ತಟ್ಟೆ ಸರಿಸಿಬಿಡುತ್ತಿದ್ದರು. ಮಂಚಕ್ಕೆ ಅಡ್ಡಲಾಗಿ ಒಂದು ಪುಟ್ಟ ಹಲಗೆ. ಅದರ ಮೇಲೆ ಊಟದ ಪಕ್ಕದಲ್ಲೇ ಮಾತ್ರೆ, ಔಷಧಿ ಬಾಟಲಿ, ಥರ್ಮಾಮೀಟರ್. ತಲೆಯ ಹತ್ತಿರ ಯಾವುದೋ ಯಂತ್ರದ ಕೀಂ ಕೀಂ ಸದ್ದು. ಗಾಳಿಯಲ್ಲೆಲ್ಲ ಫಿನಾಯಿಲ್ ವಾಸನೆ. ಮನೆಗೆ ಬಂದ ಮೂರನೇ ದಿನ ಎಲ್ಲರ ಜೊತೆ ಕೂತು, ಅದೇ ಅಡುಗೆಯನ್ನು ಎರಡನೇ ಸಲ ಬಡಿಸಿಕೊಂಡು ತಿಂದರು.

ಕಾಯಿಲೆ ಇಳಿದದ್ದೂ ಕಾರಣ, ಖಂಡಿತ. ಆದರೆ ಅದೊಂದೇ ಕಾರಣ ಎಂದು ನನಗೆ ಆಗಲೂ ಅನಿಸಲಿಲ್ಲ. ಆಮೇಲೆ ಈ ಬಗ್ಗೆ ಓದುತ್ತಾ ಹೋದ ಹಾಗೆ ಆ ಅನುಮಾನ ಗಟ್ಟಿಯಾಯಿತು. ಕೂತು ಉಣ್ಣುವ ಜಾಗವೂ ಉಪ್ಪು, ಹುಳಿಯ ಹಾಗೆ ಊಟದೊಳಗೇ ಸೇರಿರುತ್ತದೆ.

ಅದು ಹೇಗೆ ಎಂದು ತಿಳಿಯಲು ಮೊದಲು ರುಚಿಯ ಕಡೆ ನೋಡಬೇಕು. ನಾಲಿಗೆಗೆ ಗೊತ್ತಾಗುವ ಮೂಲ ರುಚಿಗಳು ಐದು. ಸಿಹಿ, ಹುಳಿ, ಉಪ್ಪು, ಕಹಿ ನಮಗೆ ಗೊತ್ತು. ಐದನೆಯದು ಉಮಾಮಿ. ಹಣ್ಣಾದ ಟೊಮೆಟೊ, ಅಣಬೆ, ಹಳೆಯ ಚೀಸ್ ಇವುಗಳಲ್ಲಿ ಸಿಗುವ ತುಂಬಿದ ರುಚಿ ಅದು. 1908ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಕಿಕುನೆ ಇಕೆಡಾ ಅದಕ್ಕೆ ಆ ಹೆಸರು ಕೊಟ್ಟರು. ನಾವು ರುಚಿ ಎಂದು ಕರೆಯುವ ಉಳಿದದ್ದರಲ್ಲಿ ದೊಡ್ಡ ಪಾಲು ಮೂಗಿನದು. ಅಗಿಯುವಾಗ ಪರಿಮಳ ಗಂಟಲಿನ ಹಿಂದಿನ ದಾರಿಯಿಂದ ಮೂಗಿಗೆ ಏರುತ್ತದೆ. ನಂಬಿಕೆ ಬರದಿದ್ದರೆ ಮೂಗು ಹಿಡಿದುಕೊಂಡು ಏನಾದರೂ ಬಾಯಿಗೆ ಹಾಕಿಕೊಂಡು ನೋಡಿ. ಸಿಹಿಯೋ ಹುಳಿಯೋ ಗೊತ್ತಾಗುತ್ತದೆ, ಯಾವ ಹಣ್ಣು ಎಂದು ಗೊತ್ತಾಗುವುದಿಲ್ಲ. ನಾಲಿಗೆ, ಮೂಗು ಕೊಟ್ಟ ಸುದ್ದಿಗೆ ಮಿದುಳು ಇನ್ನಷ್ಟು ಸೇರಿಸಿಕೊಳ್ಳುತ್ತದೆ. ಬಿಸಿ, ತಂಪು, ಮೆತ್ತಗೆ, ಗರಿಗರಿ, ಬಣ್ಣ, ಸದ್ದು. ಈ ಲೆಕ್ಕದಲ್ಲಿ ಕೋಣೆಯೂ ಒಳಗೆ ಬಂದುಬಿಡುತ್ತದೆ.

ಇದನ್ನು ಎದ್ದು ಕಾಣುವ ಹಾಗೆ ತೋರಿಸುವ ಜಾಗ ಅಂದರೆ ವಿಮಾನ. ಹಾರುವಾಗ ಒಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟು. ತೇವಾಂಶ ಎಷ್ಟೋ ಸಲ ಶೇ 20ಕ್ಕಿಂತ ಕಡಿಮೆ. ಮೂಗಿನ ಒಳಪದರ ಒಣಗುತ್ತದೆ. ಪರಿಮಳ ಹಿಡಿಯುವ ಶಕ್ತಿ ಕುಗ್ಗುತ್ತದೆ. 2010ರಲ್ಲಿ ಲುಫ್ತಾನ್ಸಾ ವಿಮಾನ ಕಂಪನಿಗಾಗಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಇದನ್ನು ಪರೀಕ್ಷಿಸಿದರು. ಒತ್ತಡ ಇಳಿಸಬಹುದಾದ ದೊಡ್ಡ ಕೊಳವೆಯೊಳಗೆ ಏರ್‌ಬಸ್ ವಿಮಾನದ ಒಡಲಿನ ಒಂದು ಭಾಗವನ್ನೇ ಇಟ್ಟು, ಅಲ್ಲಿ ಜನರನ್ನು ಕೂರಿಸಿ ಊಟ ಬಡಿಸಿದರು. ಉಪ್ಪು ಶೇ 20ರಿಂದ 30ರಷ್ಟು, ಸಿಹಿ ಶೇ 15ರಿಂದ 20ರಷ್ಟು ಕಡಿಮೆ ಅನಿಸಿತು. ನೆಲದ ಮೇಲೆ ಮಣ್ಣಿನ ವಾಸನೆ ಬರುತ್ತದೆ ಎಂದು ಜನ ದೂರಿದ ಟೊಮೆಟೊ ರಸ, ಆ ಒತ್ತಡದಲ್ಲಿ ಹಣ್ಣಿನ ಹಾಗೆ ಹಿತವಾಗಿತ್ತಂತೆ.

ಇಲ್ಲಿ ಗಾಳಿ ಅರ್ಧ ಕತೆ ಅಷ್ಟೇ. ಉಳಿದರ್ಧ ಸದ್ದು. 2015ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕಿಂಬರ್ಲಿ ಯಾನ್ ಮತ್ತು ರಾಬಿನ್ ಡ್ಯಾಂಡೊ ಇನ್ನೊಂದು ಪ್ರಯೋಗ ಮಾಡಿದರು. ಜನರ ಕಿವಿಗೆ ಹೆಡ್‌ಫೋನ್ ಹಾಕಿ, ವಿಮಾನದೊಳಗಿನ ಹಾಗೆ ಸುಮಾರು 85 ಡೆಸಿಬೆಲ್ ಸದ್ದು ಕೇಳಿಸಿ, ಬೇರೆ ಬೇರೆ ರುಚಿಯ ದ್ರಾವಣ ಕುಡಿಸಿದರು. ಸಿಹಿ ಮಂಕಾಯಿತು. ಉಮಾಮಿ ಜಾಸ್ತಿಯಾಯಿತು. ಇದಕ್ಕೆ ದೇಹದ ರಚನೆಯಲ್ಲೇ ಒಂದು ಸುಳಿವು ಇದೆ. ನಾಲಿಗೆಯ ಮುಂಭಾಗದಿಂದ ಮಿದುಳಿಗೆ ರುಚಿ ಒಯ್ಯುವ ನರ ನಡುಗಿವಿಯ ಮೂಲಕ, ಕಿವಿ ತಮಟೆಯ ಹಿಂದೆಯೇ ಹಾದು ಹೋಗುತ್ತದೆ. ಜೋರು ಸದ್ದು ಆ ನರವನ್ನೂ ಕೆಣಕುತ್ತಿರಬಹುದು ಎಂಬ ಊಹೆ ಇದೆ. ರುಚಿಯ ದಾರಿ ಕಿವಿಯೊಳಗೆ ಹಾಯುತ್ತದೆ ಎಂದು ಮೊದಲ ಸಲ ಓದಿದಾಗ ನನಗೆ ತುಂಬಾ ಹೊತ್ತು ಬೇರೇನೂ ತೋಚಲಿಲ್ಲ.

ತಿನ್ನುವ ವಸ್ತುವಿನ ಸದ್ದಿಗೂ ಇದೇ ಮಾತು. ಆಕ್ಸ್‌ಫರ್ಡ್‌ನಲ್ಲಿ ಮ್ಯಾಸಿಮಿಲಿಯಾನೊ ಜಾಂಪಿನಿ ಮತ್ತು ಚಾರ್ಲ್ಸ್ ಸ್ಪೆನ್ಸ್ ಆಲೂಗಡ್ಡೆ ಚಿಪ್ಸ್ ಕಡಿಯುವವರ ಮುಂದೆ ಮೈಕ್ ಇಟ್ಟು, ಕಡಿದ ಸದ್ದನ್ನು ಬದಲಿಸಿ ಅವರಿಗೇ ಕೇಳಿಸಿದರು. ಸದ್ದು ಜೋರಾದಾಗ, ಅದರ ಕೀಚಲು ಭಾಗ ಹೆಚ್ಚಿದಾಗ, ಚಿಪ್ಸ್ ಹೆಚ್ಚು ಗರಿಗರಿ, ಹೆಚ್ಚು ತಾಜಾ ಅನಿಸಿತು. ಚಿಪ್ಸ್ ಮಾತ್ರ ಬದಲಾಗಿರಲಿಲ್ಲ. 2004ರ ಈ ಕೆಲಸಕ್ಕೆ 2008ರಲ್ಲಿ ಇಗ್ ನೊಬೆಲ್ ಬಹುಮಾನ ಬಂತು. ಮೊದಲು ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು.

ಈಗ ಕೋಣೆಗೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಊಟದ ಜಾಗದ ಬಗ್ಗೆ ಮಾತಾಡುವಾಗ ಎಲ್ಲರೂ ಬಣ್ಣ, ದೀಪ, ಮೇಜು ಅನ್ನುತ್ತಾರೆ. ಸದ್ದಿನ ಬಗ್ಗೆ ಯೋಚಿಸುವವರು ಕಡಿಮೆ.

1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೋಣೆಯೊಂದರಲ್ಲಿ ಮಾತು ಅರ್ಥವೇ ಆಗುತ್ತಿರಲಿಲ್ಲ. ಆಡಿದ ಮಾತು ಸುಮಾರು ಐದೂವರೆ ಸೆಕೆಂಡು ಗೋಡೆಗಳ ನಡುವೆ ಸುತ್ತುತ್ತಲೇ ಇತ್ತು. ಅದನ್ನು ಸರಿಮಾಡುವ ಕೆಲಸ ವ್ಯಾಲೇಸ್ ಸಬೀನ್ ಎಂಬ ಯುವ ಭೌತವಿಜ್ಞಾನಿಯ ಪಾಲಿಗೆ ಬಂತು. ಅವರು ಹತ್ತಿರದ ರಂಗಮಂದಿರದ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಕೋಣೆಯಲ್ಲಿ ಹರಡುತ್ತಿದ್ದರು. ಆರ್ಗನ್ ಎಂಬ ವಾದ್ಯದ ಕೊಳವೆ ಊದಿ, ಸದ್ದು ಸಾಯಲು ಎಷ್ಟು ಹೊತ್ತು ಬೇಕೆಂದು ಅಳೆಯುತ್ತಿದ್ದರು. ಬೆಳಗಾಗುವುದರೊಳಗೆ ಮೆತ್ತೆಗಳು ವಾಪಸು. ಹೀಗೆ ರಾತ್ರಿಗಳನ್ನು ಕಳೆದು ಅವರು ಕಂಡುಕೊಂಡ ನಿಯಮ ಸರಳ. ಕೋಣೆ ದೊಡ್ಡದಾದಷ್ಟೂ ಸದ್ದು ಹೆಚ್ಚು ಹೊತ್ತು ಉಳಿಯುತ್ತದೆ. ಸದ್ದು ಹೀರುವ ವಸ್ತು ಹೆಚ್ಚಿದಷ್ಟೂ ಬೇಗ ಸಾಯುತ್ತದೆ.

ಈಗ ಒಂದು ಊಟದ ಹಾಲ್ ನೆನೆಸಿಕೊಳ್ಳಿ. ಕಲ್ಲಿನ ನೆಲ, ಗಾಜಿನ ಗೋಡೆ, ಬೋಳು ಮೇಜು, ಮೇಲೆ ಬರೀ ಕಾಂಕ್ರೀಟು. ಸದ್ದು ಹೀರುವಂಥದ್ದು ಅಲ್ಲಿ ಇರುವುದು ಜನರ ಬಟ್ಟೆ ಮಾತ್ರ. ಚಮಚ ಬಿದ್ದ ಸದ್ದು, ಕುರ್ಚಿ ಎಳೆದ ಸದ್ದು ಎಲ್ಲವೂ ಮೇಲೆದ್ದು ನಿಲ್ಲುತ್ತದೆ. ಅದರ ಮೇಲೆ ಇನ್ನೊಂದು ಗುಣ ಸೇರುತ್ತದೆ. 1909ರಲ್ಲಿ ಫ್ರಾನ್ಸಿನ ಕಿವಿ-ಗಂಟಲು ವೈದ್ಯ ಎಟಿಯೆನ್ ಲೊಂಬಾರ್ಡ್ ಗಮನಿಸಿದ್ದು ಅದು. ಸುತ್ತ ಗದ್ದಲ ಇದ್ದರೆ ನಾವು ಗೊತ್ತಿಲ್ಲದೆಯೇ ದನಿ ಏರಿಸುತ್ತೇವೆ. ಈ ಮೇಜಿನವರು ಏರಿಸಿದರು ಅಂತ ಆ ಮೇಜಿನವರು ಏರಿಸುತ್ತಾರೆ. ಅವರು ಏರಿಸಿದರು ಅಂತ ಇವರು ಮತ್ತೆ. ಮಾಮೂಲಿ ಮಾತು ಸುಮಾರು 60 ಡೆಸಿಬೆಲ್. ತುಂಬಿದ ಹಾಲ್ 80 ದಾಟುವುದು ಅಪರೂಪವೇನಲ್ಲ. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನಿಸುತ್ತದೆ, ಅಂದರೆ ಇದು ನಾಲ್ಕು ಪಟ್ಟು.

ಇದರ ಪೆಟ್ಟು ಮೊದಲು ತಗಲುವುದು ವಯಸ್ಸಾದವರಿಗೆ. ಕಿವಿ ಮಂದವಾಗಿರುವವರಿಗೆ, ಶ್ರವಣ ಸಾಧನ ಹಾಕಿಕೊಂಡವರಿಗೆ ಗದ್ದಲದೊಳಗಿಂದ ಒಂದು ಮಾತನ್ನು ಹೆಕ್ಕಿ ಕೇಳುವುದು ಬಹಳ ಕಷ್ಟ. ಅವರು ಸುಮ್ನೆ ತಲೆಯಾಡಿಸುತ್ತಾರೆ. ಆಮೇಲೆ ಅದನ್ನೂ ಬಿಟ್ಟು ತಟ್ಟೆ ನೋಡುತ್ತಾ ಕೂರುತ್ತಾರೆ. ನೋಡಿದರೆ ಸಂಕಟವಾಗುತ್ತದೆ, ಯಾಕೆಂದರೆ ಪರಿಹಾರ ದೊಡ್ಡದೇನಲ್ಲ. ದಪ್ಪ ಪರದೆ, ಮೇಜಿನ ಮೇಲೆ ಬಟ್ಟೆ, ಕುರ್ಚಿಯ ಕಾಲಿಗೆ ಅಂಟಿಸಿದ ಉಣ್ಣೆಯ ತುಂಡು, ಚಾವಣಿಗೆ ಸದ್ದು ಹೀರುವ ಹಲಗೆ. ಸಬೀನ್ ಅವರ ಮೆತ್ತೆಗಳ ಕೆಲಸವನ್ನೇ ಇವೂ ಮಾಡುತ್ತವೆ.

ಸಂಗೀತದ್ದು ಬೇರೆ ಲೆಕ್ಕ. 1986ರಲ್ಲಿ ಪ್ರಕಟವಾದ ರೊನಾಲ್ಡ್ ಮಿಲ್ಲಿಮನ್ ಅವರ ಅಧ್ಯಯನದಲ್ಲಿ, ನಿಧಾನ ಸಂಗೀತ ಹಾಕಿದ ದಿನ ಜನ ಊಟಕ್ಕೆ ಸರಾಸರಿ 56 ನಿಮಿಷ ತೆಗೆದುಕೊಂಡರು. ವೇಗದ ಸಂಗೀತ ಹಾಕಿದ ದಿನ 45 ನಿಮಿಷ. ಯಾರೂ ಅವರನ್ನು ಏಳಿ ಎಂದಿರಲಿಲ್ಲ.

ಕಣ್ಣಿನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಬೇಗ ಹೇಳಿ ಮುಗಿಸುತ್ತೇನೆ. ಒಂದೇ ಸ್ಟ್ರಾಬೆರಿ ಸಿಹಿತಿಂಡಿ ಕಪ್ಪು ತಟ್ಟೆಗಿಂತ ಬಿಳಿ ತಟ್ಟೆಯಲ್ಲಿ ಹೆಚ್ಚು ಸಿಹಿ ಅನಿಸಿದ್ದುಂಟು. ಭಾರದ ಬಟ್ಟಲಲ್ಲಿ ಕೊಟ್ಟ ಮೊಸರು ಹೆಚ್ಚು ಗಟ್ಟಿ ಅನಿಸಿದ್ದುಂಟು. ಆದರೆ ‘ತಟ್ಟೆ ಚಿಕ್ಕದು ಮಾಡಿ, ತೂಕ ಇಳಿಯುತ್ತದೆ’ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಅಂಥ ಮಾತುಗಳನ್ನು ಜನಪ್ರಿಯ ಮಾಡಿದ್ದರಲ್ಲಿ ಕಾರ್ನೆಲ್‌ನ ಬ್ರಯಾನ್ ವಾನ್ಸಿಂಕ್ ಅವರ ಸಂಶೋಧನೆಗಳ ಪಾಲು ದೊಡ್ಡದು. ಅವರ ಕೆಲಸದಲ್ಲಿ ಅಕ್ರಮ ನಡೆದಿದೆ ಎಂದು 2018ರಲ್ಲಿ ಆ ವಿಶ್ವವಿದ್ಯಾಲಯವೇ ಹೇಳಿತು. ಹತ್ತಕ್ಕೂ ಹೆಚ್ಚು ಲೇಖನಗಳನ್ನು ಪತ್ರಿಕೆಗಳು ಹಿಂದಕ್ಕೆ ಪಡೆದವು. ಊಟದ ವಿಜ್ಞಾನದಲ್ಲಿ ಕೇಳಲು ಚೆನ್ನಾಗಿರುವ ಮಾತು ತುಂಬಾ ಬೇಗ ಹರಡುತ್ತದೆ. ಹಾಗಾಗಿ ಇಲ್ಲಿ ಎಚ್ಚರ ಸ್ವಲ್ಪ ಜಾಸ್ತಿಯೇ ಬೇಕು.

ಜಾಗದ ಪರಿಣಾಮ ಬಾಯಿಗೇ ನಿಲ್ಲುವುದಿಲ್ಲ, ಹೊಟ್ಟೆಗೂ ಇಳಿಯುತ್ತದೆ. ಸಬೀನ್ ಮೆತ್ತೆ ಹೊರುತ್ತಿದ್ದ ಕಾಲದಲ್ಲೇ, ಅದೇ ಹಾರ್ವರ್ಡ್‌ನಲ್ಲಿ ವಾಲ್ಟರ್ ಕ್ಯಾನನ್ ಎಂಬ ವೈದ್ಯಕೀಯ ವಿದ್ಯಾರ್ಥಿ ಬೆಕ್ಕುಗಳ ಹೊಟ್ಟೆಯನ್ನು ಎಕ್ಸ್-ರೇಯಲ್ಲಿ ನೋಡುತ್ತಿದ್ದರು. ಎಕ್ಸ್-ರೇ ಆಗ ಹೊಚ್ಚ ಹೊಸದು. ಎಕ್ಸ್-ರೇಯಲ್ಲಿ ಎದ್ದು ಕಾಣುವ ಬಿಸ್ಮತ್ ಎಂಬ ವಸ್ತು ಬೆರೆಸಿದ ಆಹಾರ ಕೊಟ್ಟರೆ ಹೊಟ್ಟೆ ಅಲೆಯಲೆಯಾಗಿ ಹಿಂಡುವುದು ಕಾಣುತ್ತಿತ್ತು. ಬೆಕ್ಕು ಕಳವಳಗೊಂಡರೆ ಆ ಅಲೆ ನಿಂತೇ ಹೋಗುತ್ತಿತ್ತು. ಅದು ಮತ್ತೆ ಶಾಂತವಾದಾಗ ಶುರುವಾಗುತ್ತಿತ್ತು. ಹೆದರಿಕೆ, ಆತಂಕ ಬಂದಾಗ ದೇಹ ಓಡಲು, ಹೋರಾಡಲು ಸಜ್ಜಾಗುತ್ತದೆ. ರಕ್ತ ಹೊಟ್ಟೆಯಿಂದ ಮಾಂಸಖಂಡಗಳ ಕಡೆ ತಿರುಗುತ್ತದೆ. ಜೀರ್ಣಕ್ರಿಯೆ ಕಾಯಬೇಕು. ಇದನ್ನು ಓದುವಾಗ ನನಗೆ ಆ ಮಂಚದ ಹಲಗೆ, ಆ ಯಂತ್ರದ ಸದ್ದು ನೆನಪಾದವು.

ಜೊತೆಯಲ್ಲಿ ಕೂತವರೂ ಕೋಣೆಯ ಭಾಗವೇ ಅಲ್ವಾ? ಅಮೆರಿಕದ ಜಾನ್ ಡಿ ಕ್ಯಾಸ್ಟ್ರೊ ಜನರಿಗೆ ತಾವು ತಿಂದದ್ದನ್ನು, ಯಾರ ಜೊತೆ ತಿಂದರು ಎಂಬುದನ್ನು ದಿನವೂ ಬರೆದಿಡಲು ಹೇಳಿದರು. 1989ರ ಅವರ ಲೇಖನದ ಪ್ರಕಾರ, ಬೇರೆಯವರ ಜೊತೆ ಮಾಡಿದ ಊಟ ಒಂಟಿ ಊಟಕ್ಕಿಂತ ಶೇ 44ರಷ್ಟು ದೊಡ್ಡದು. ಕಾರಣಗಳಲ್ಲಿ ಒಂದು ಸರಳವಾದದ್ದು: ಜೊತೆಯಿದ್ದರೆ ಹೆಚ್ಚು ಹೊತ್ತು ಕೂರುತ್ತೇವೆ. ತೂಕ ಇಳಿಸಬೇಕಾದವರಿಗೆ ಇದು ಎಚ್ಚರಿಕೆ. ಊಟವೇ ಸೇರದವರಿಗೆ ಇದು ಔಷಧಿ.

ಟಿವಿಯನ್ನು ಮಾತ್ರ ಈ ಜೊತೆಗಾರರ ಸಾಲಿಗೆ ಸೇರಿಸಲಾಗದು. ಹೊಟ್ಟೆ ತುಂಬಿದೆ ಎಂದು ತಿಳಿಸುವುದರಲ್ಲಿ ನೆನಪಿಗೂ ಪಾಲಿದೆ. 1998ರಲ್ಲಿ ಪಾಲ್ ರೋಜಿನ್ ಮತ್ತು ಸಂಗಡಿಗರು, ಹೊಸ ನೆನಪು ಉಳಿಯದ ಇಬ್ಬರು ರೋಗಿಗಳಿಗೆ ಊಟ ಮುಗಿದ ಹತ್ತರಿಂದ ಮೂವತ್ತು ನಿಮಿಷಕ್ಕೆ ಮತ್ತೆ ಊಟ ಕೊಟ್ಟರು. ಇಬ್ಬರೂ ತಿಂದರು. ಮೂರನೆಯದನ್ನು ಕೊಟ್ಟಾಗಲೂ ಹೆಚ್ಚಾಗಿ ತಿನ್ನಲು ಶುರುಮಾಡಿದರು. ಟಿವಿ ನೋಡುತ್ತಾ ತಿಂದ ಊಟ ಸರಿಯಾಗಿ ನೆನಪಲ್ಲಿ ಕೂರುವುದಿಲ್ಲ. ಹಾಗೆ ಉಂಡವರು ಸಂಜೆ ತಿಂಡಿ ಹೆಚ್ಚು ತಿಂದದ್ದನ್ನು ಬ್ರಿಟನ್ನಿನ ಸುಝಾನ್ ಹಿಗ್ಸ್ ತೋರಿಸಿದ್ದಾರೆ.

1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಮೇಲೇರಿದಾಗ ಅದರಲ್ಲೊಂದು ಊಟದ ಜಾಗ ಇತ್ತು. ತೂಕವಿಲ್ಲದ ಸ್ಥಿತಿಯಲ್ಲಿ ಮೇಜು ಯಾಕೆ ಬೇಕು, ಕುರ್ಚಿಯಲ್ಲಿ ಕೂರುವುದೇ ಆಗದಲ್ಲ? ಆದರೂ ಮೇಜು ಮಾಡಿದರು. ಮೂವರಿಗೆ ಸರಿಯಾಗಿ ತ್ರಿಕೋನದ ಮೇಜು. ಅದಕ್ಕೆ ತಲೆಯ ಕಡೆ, ಕಾಲಿನ ಕಡೆ ಎಂಬುದಿಲ್ಲ. ನಾಯಕನಿಗೆ ದೊಡ್ಡ ಜಾಗ ಅಂತ ಇಲ್ಲ. ಮೂವರಿಗೂ ಎದುರಲ್ಲಿ ಮುಖಗಳು. ಪಕ್ಕದಲ್ಲಿ ಭೂಮಿ ಕಾಣುವ ಕಿಟಕಿ. ಆ ಕಿಟಕಿ ಬೇಕೇ ಬೇಕು ಎಂದು ಪಟ್ಟು ಹಿಡಿದವರು ವಿನ್ಯಾಸಕಾರ ರೇಮಂಡ್ ಲೋವಿ. ಮೈಯ ದ್ರವವೆಲ್ಲ ತಲೆಗೇರಿ ಮೂಗು ಕಟ್ಟಿ, ಊಟ ಸಪ್ಪೆ ಅನಿಸುವ ಜಾಗ ಅದು. ಅಲ್ಲಿ ಮುಖ ನೋಡಿಕೊಂಡು ತಿನ್ನುವುದಕ್ಕಾದರೂ ದಾರಿ ಇತ್ತು.

ಆಸ್ಪತ್ರೆಯ ಪ್ರಶ್ನೆಗೆ ನನಗೆ ಸಿಕ್ಕ ಅತಿ ಹತ್ತಿರದ ಉತ್ತರ ನೆದರ್ಲೆಂಡ್ಸ್‌ನಿಂದ ಬಂದದ್ದು. 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನ. ಐದು ಆರೈಕೆ ಮನೆಗಳ 178 ವೃದ್ಧರು. ಒಂದು ಗುಂಪಿಗೆ ಎಂದಿನ ಹಾಗೆ ಮೊದಲೇ ಬಡಿಸಿದ ತಟ್ಟೆ ಕೈಗೆ ಬರುತ್ತಿತ್ತು. ಇನ್ನೊಂದು ಗುಂಪಿಗೆ ಮೇಜಿನ ಮೇಲೆ ಬಟ್ಟೆ ಹಾಸಿದರು. ಪ್ಲಾಸ್ಟಿಕ್ ಬದಲು ನಿಜವಾದ ತಟ್ಟೆ, ಲೋಟ ಇಟ್ಟರು. ಅಡುಗೆಯನ್ನು ಪಾತ್ರೆಗಳಲ್ಲಿ ನಡುವೆ ಇಟ್ಟು, ಬೇಕಾದ್ದನ್ನು ಬೇಕಾದಷ್ಟು ಹಾಕಿಕೊಳ್ಳಲು ಬಿಟ್ಟರು. ಎಲ್ಲರೂ ಬಂದು ಕೂತ ಮೇಲೆಯೇ ಊಟ ಶುರು. ನೋಡಿಕೊಳ್ಳುವವರೂ ಜೊತೆಗೆ ಕೂತರು. ಆ ಹೊತ್ತಿನಲ್ಲಿ ಮಾತ್ರೆ ಹಂಚುವುದು, ಕಸ ಗುಡಿಸುವುದು ಯಾವುದೂ ಇಲ್ಲ.

ಆರು ತಿಂಗಳಾದ ಮೇಲೆ ಎಲ್ಲರನ್ನೂ ತೂಗಿದರು. ಎರಡು ಗುಂಪಿನ ನಡುವೆ ಸರಾಸರಿ ಒಂದೂವರೆ ಕಿಲೋ ವ್ಯತ್ಯಾಸ ಬಂದಿತ್ತು. ಕೈಗೆ ಬಂದ ತಟ್ಟೆಯಲ್ಲಿ ಉಂಡವರು ತೂಕವನ್ನೂ, ಕೈಯಿಂದ ಮಾಡುವ ಸೂಕ್ಷ್ಮ ಕೆಲಸಗಳ ಹಿಡಿತವನ್ನೂ ಕಳೆದುಕೊಳ್ಳುತ್ತಾ ಹೋಗಿದ್ದರು. ಮೇಜಿನ ಸುತ್ತ ಕೂತು ಉಂಡವರಲ್ಲಿ ಆ ಇಳಿತ ಕಾಣಲಿಲ್ಲ.