ಗೋಬಿಗೆ ಆ ಕೆಂಪು ಎಲ್ಲಿಂದ ಬಂತು?

ತರಕಾರಿಗೆ ಕನ್ನಡದಲ್ಲಿ ಹೂಕೋಸು ಎಂಬ ಹೆಸರಿದೆ. ಆದರೆ ‘ಗೋಬಿ ತಿನ್ನೋಣ ಬಾ’ ಎಂದು ಯಾರಾದರೂ ಕರೆದರೆ ಯಾರೂ ಪಲ್ಯ ಎಂದುಕೊಳ್ಳುವುದಿಲ್ಲ. ಸಂಜೆ ಆರರ ಮೇಲೆ ಬೆಂಗಳೂರಿನ ಯಾವುದೋ ಅಡ್ಡರಸ್ತೆಯ ತಿರುವಿನಲ್ಲಿ ಒಲೆ ಹೊತ್ತಿಸುವ ತಳ್ಳುಗಾಡಿಯೇ ಕಣ್ಣಮುಂದೆ ಬರುತ್ತದೆ. ದೊಡ್ಡ ಬಾಣಲೆ, ಜಾಲರಿ ಸೌಟು, ಮೇಲೊಂದು ಎಲ್‌ಇಡಿ ಬಲ್ಬು, ಅದರ ಕೆಳಗೆ ಕೆಂಪಗೆ ಹೊಳೆಯುವ ರಾಶಿ. ಈ ಕೆಂಪನ್ನೇ ರಾಜ್ಯ ಸರ್ಕಾರ 2024ರ ಮಾರ್ಚ್ 11ರಂದು ನಿಷೇಧಿಸಿತು. ಗೋಬಿಯನ್ನೇ ನಿಷೇಧಿಸಿದರು ಎಂಬ ಸುದ್ದಿ ಆಗ ಹಬ್ಬಿತ್ತು, ಅದು ತಪ್ಪು. ನಿಷೇಧವಾದದ್ದು ಗೋಬಿ ಮಂಚೂರಿಯಲ್ಲಿ ಮತ್ತು ಬಾಂಬೆ ಮಿಠಾಯಿಯಲ್ಲಿ (ಕಾಟನ್ ಕ್ಯಾಂಡಿ) ಕೃತಕ ಬಣ್ಣದ ಬಳಕೆ. ಬಣ್ಣ ಹಾಕದ ಗೋಬಿಗೆ ಅಂದೂ ಅಡ್ಡಿಯಿರಲಿಲ್ಲ, ಇಂದೂ ಇಲ್ಲ.

ಆ ಬಣ್ಣ ಗೋಬಿಗೆ ಹೇಗೆ ಅಂಟಿತು ಎಂಬುದು ತಿಳಿಯಬೇಕಾದರೆ ತುಸು ಹಿಂದಕ್ಕೆ ಹೋಗಬೇಕು.

ಹೂಕೋಸು ಭಾರತಕ್ಕೆ ಬಂದದ್ದು ಬ್ರಿಟಿಷರ ಕಾಲದಲ್ಲಿ, 1822ರಲ್ಲಿ. ಮಂಚೂರಿ ಬಂದದ್ದು ಅದಕ್ಕೂ ಒಂದೂವರೆ ಶತಮಾನದ ನಂತರ, ಅದೂ ಕೋಳಿಯ ರೂಪದಲ್ಲಿ. ಕೋಲ್ಕತ್ತದ ಚೀನೀ ಮನೆತನದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಮುಂಬೈಗೆ ಬಂದು ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡುಗೆಮನೆಯಲ್ಲಿ 1975ರ ಹೊತ್ತಿಗೆ ಇದನ್ನು ಮಾಡಿದರು ಎಂಬುದು ಸಾಮಾನ್ಯವಾಗಿ ಹೇಳುವ ಮಾತು. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ನಮ್ಮ ಕಡೆಯ ಒಗ್ಗರಣೆಯವು. ಅದಕ್ಕೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಬಿತ್ತು, ಗಟ್ಟಿಯಾಗಲು ಕಾರ್ನ್‌ಫ್ಲೋರ್ ಸೇರಿತು. ಚೀನಾದ ಈಶಾನ್ಯದ ಮಂಚೂರಿಯಾಕ್ಕೂ ಈ ತಿಂಡಿಗೂ ಹೆಸರು ಬಿಟ್ಟರೆ ನಂಟಿಲ್ಲ. ಮಾಂಸ ತಿನ್ನದವರಿಗಾಗಿ ಕೋಳಿಯ ಜಾಗಕ್ಕೆ ಹೂಕೋಸು ಬಂತು. ಹಿಟ್ಟು ಮೆತ್ತಿಕೊಳ್ಳಲು ಸಾಕಷ್ಟು ಸಂದುಗೊಂದು, ಕರಿದರೂ ಒಡೆಯದ ಗಟ್ಟಿತನ, ತನ್ನದೇ ಆದ ಜೋರು ರುಚಿ ಇಲ್ಲದಿರುವುದು: ಮೂರೂ ಗುಣ ಅದಕ್ಕೆ ಅನುಕೂಲವಾದವು.

ಗಮನಿಸಬೇಕಾದ ಸಂಗತಿಯೆಂದರೆ, ಈ ಮೂಲ ತಿಂಡಿ ಕೆಂಪಗಿರಲಿಲ್ಲ. ಸೋಯಾ ಸಾಸ್ ಬಿದ್ದ ಯಾವ ಗ್ರೇವಿಯೂ ಕಂದೇ. ಕೆಂಪು ಸೇರಿದ್ದು ಗಾಡಿಗೆ ಇಳಿದ ಮೇಲೆ. ನಮ್ಮ ಗಾಡಿಗಳಲ್ಲಿ ಗೋಬಿಯ ನೆರೆಮನೆ ಕಬಾಬು. ಮೈದಾ, ಕಾರ್ನ್‌ಫ್ಲೋರ್, ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಖಾರದ ಪುಡಿ, ಒಂದು ಚಿಟಿಕೆ ಕಲರ್ ಪುಡಿ: ಎರಡಕ್ಕೂ ಕಲಸುವ ಹಿಟ್ಟು ಹೆಚ್ಚುಕಡಿಮೆ ಒಂದೇ, ಬಾಣಲೆಯೂ ಒಂದೇ ಬಗೆಯದು.

ಬರಿಯ ಚಂದಕ್ಕಾಗಿ ಬಣ್ಣ ಹಾಕುತ್ತಾರೆ ಎಂದುಕೊಂಡರೆ ಅರ್ಧ ಮಾತ್ರ ನಿಜ. ಗಾಡಿಯ ಕೆಲಸದ ಕ್ರಮವೇ ಬಣ್ಣವನ್ನು ಬೇಡುತ್ತದೆ. ಗೋಬಿಯನ್ನು ಎರಡು ಸಲ ಕರಿಯುತ್ತಾರೆ. ನಾಲ್ಕು ಗಂಟೆಗೇ ಮೊದಲ ಸಲ ಅರೆಬರೆ ಕರಿದು ರಾಶಿ ಹಾಕಿಟ್ಟಿರುತ್ತಾರೆ, ಗಿರಾಕಿ ಬಂದಾಗ ಎರಡನೇ ಸಲ ಎಣ್ಣೆಗೆ ಬಿಟ್ಟು ಸಾಸ್‌ನಲ್ಲಿ ತಿರುಗಿಸುತ್ತಾರೆ. ಮೊದಲ ಕರಿತದ ಬಳಿಕ ಮೈದಾ ಹಿಟ್ಟು ಪೇಲವ ಹಳದಿ. ಮೂರು ಗಂಟೆ ಗಾಳಿಗೆ ನಿಂತರೆ ಸಪ್ಪೆ ಕಾಣುತ್ತದೆ. ಎರಡನೇ ಕರಿತಕ್ಕೆ ಕಂದು, ಸೋಯಾ ಬಿದ್ದರೆ ಕಡುಗಂದು. ಬಿಳಿ ಎಲ್‌ಇಡಿ ಬೆಳಕಿನಲ್ಲಿ ಆ ಕಂದು ಸುಟ್ಟಂತೆ ಕಾಣುತ್ತದೆ. ಒಂದು ಚಿಟಿಕೆ ಕೆಂಪು ಇಷ್ಟನ್ನೂ ಮುಚ್ಚಿಬಿಡುತ್ತದೆ.

ಖಾರದ ಪುಡಿಯನ್ನೇ ಹೆಚ್ಚು ಹಾಕಬಾರದೇ? ಇಲ್ಲಿ ಮೆಣಸಿನಕಾಯಿಯ ಗುಣ ಅಡ್ಡ ಬರುತ್ತದೆ. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುವಂಥದ್ದು, ನೀರಿನಲ್ಲಿ ಕರಗದು. ಹಿಟ್ಟಿಗೆ ಕಲಸಿ ಬಾಣಲೆಗೆ ಬಿಟ್ಟರೆ ಬಣ್ಣದ ದೊಡ್ಡ ಪಾಲು ಎಣ್ಣೆಗೆ ಇಳಿದುಹೋಗುತ್ತದೆ. ಉಳಿದದ್ದು ಬಿಸಿಗೆ ಮಾಸುತ್ತದೆ, ಪುಡಿಯ ಕಣಗಳು ಸೀದು ಕಪ್ಪಾಗುತ್ತವೆ. ಕಾರ್ಮೋಸಿನ್, ಸನ್‌ಸೆಟ್ ಯೆಲ್ಲೋ, ಟಾರ್ಟ್ರಜೀನ್‌ನಂಥ ಕೃತಕ ಬಣ್ಣಗಳು ನೀರಿನಲ್ಲಿ ಕರಗಿ ಹಿಟ್ಟಿನೊಳಗೆ ಹರಡಿಕೊಳ್ಳುತ್ತವೆ, ಎಣ್ಣೆಗೆ ಇಳಿಯುವುದಿಲ್ಲ, ಬಾಣಲೆಯ ಬಿಸಿಗೂ ಬೇಗ ಜಗ್ಗುವುದಿಲ್ಲ. ಒಳ್ಳೆಯ ಬ್ಯಾಡಗಿಗೆ ಕಿಲೋಗೆ ನೂರಾರು ರೂಪಾಯಿ ಕೊಡಬೇಕು, ಕಲರ್ ಪುಡಿಯ ಸಣ್ಣ ಡಬ್ಬಿ ವಾರಗಟ್ಟಲೆ ಬರುತ್ತದೆ. ದಿನದ ಸಂಪಾದನೆಯನ್ನು ಪ್ಲೇಟು ಲೆಕ್ಕದಲ್ಲಿ ಎಣಿಸುವವರು ಯಾವುದನ್ನು ಆರಿಸುತ್ತಾರೆ ಎಂಬುದು ಗೊತ್ತಿರುವುದೇ. ಕೆಂಪಗಿದ್ದರೆ ಮಾತ್ರ ರುಚಿ ಎಂದು ನಂಬಿ ಪಕ್ಕದ ಗಾಡಿಗೆ ಹೋದ ಗಿರಾಕಿಗಳಿಗೂ ಇದರಲ್ಲಿ ಪಾಲಿದೆ.

ಕಾನೂನು ಬಣ್ಣದ ಬಗ್ಗೆ ಎಂದೂ ಸುಮ್ಮನಿರಲಿಲ್ಲ. 1954ರ ಆಹಾರ ಕಲಬೆರಕೆ ತಡೆ ಕಾಯ್ದೆಯ ಕಾಲದಿಂದಲೂ ಯಾವ ಬಣ್ಣ, ಯಾವ ತಿನಿಸಿಗೆ, ಎಷ್ಟು ಎಂಬ ಪಟ್ಟಿ ಇದೆ. ಅದರ ಜಾಗಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂತು, 2011ರಲ್ಲಿ ಅದರ ನಿಯಮಗಳು ಜಾರಿಯಾದವು. ಎಂಟು ಕೃತಕ ಬಣ್ಣಗಳಿಗೆ ಮಾತ್ರ ಅನುಮತಿ. ಅವನ್ನೂ ಐಸ್‌ಕ್ರೀಂ, ಬಿಸ್ಕತ್ತು, ಸಿಹಿತಿಂಡಿಯಂಥ ಹೆಸರಿಸಿದ ತಿನಿಸುಗಳಲ್ಲಷ್ಟೇ ಬಳಸಬಹುದು, ಸಾಮಾನ್ಯವಾಗಿ ಕಿಲೋಗೆ 100 ಮಿಲಿಗ್ರಾಂ ಮೀರದಂತೆ. ಗೋಬಿ ಮಂಚೂರಿ ಆ ಪಟ್ಟಿಯಲ್ಲಿಲ್ಲ. ‘ಅಂಗಡಿಯಲ್ಲಿ ಮಾರುವ ಫುಡ್ ಕಲರ್ ತಾನೇ ಹಾಕಿದ್ದು’ ಎಂದು ವ್ಯಾಪಾರಿಗಳು ಹೇಳಿದಾಗ ಅವರು ಸುಳ್ಳು ಹೇಳುತ್ತಿರಲಿಲ್ಲ. ಡಬ್ಬಿ ಕಾನೂನುಬದ್ಧವೇ, ಅದನ್ನು ಗೋಬಿಗೆ ಹಾಕುವುದು ಕಾನೂನುಬದ್ಧವಲ್ಲ. ಈ ವ್ಯತ್ಯಾಸವನ್ನು ಅವರಿಗೆ ಕೂರಿಸಿ ಹೇಳಿದವರು ಕಡಿಮೆ.

ಅಳತೆಯ ಮಾತು ಬೇರೆಯೇ. 100 ಮಿಲಿಗ್ರಾಂ ಎಂದರೆ ಗ್ರಾಂನ ಹತ್ತನೇ ಒಂದು ಭಾಗ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿಯುವ ಚಿಟಿಕೆ ಅದರ ಎರಡು ಮೂರು ಪಟ್ಟು ತೂಗುತ್ತದೆ. ಶುದ್ಧ ಬಣ್ಣವಾದರೆ ಒಂದು ಕಿಲೋ ಹಿಟ್ಟಿಗೆ ಒಂದೇ ಚಿಟಿಕೆ ಬಿದ್ದರೂ, ಸಿಹಿತಿಂಡಿಗೆ ಇರುವ ಮಿತಿಯನ್ನೇ ದಾಟುತ್ತದೆ. ಗಾಡಿಯಲ್ಲಿ ತಕ್ಕಡಿ ಇಟ್ಟು ಬಣ್ಣ ಹಾಕುವವರು ಯಾರು? ರೋಡಮಿನ್-ಬಿ ಮಾತ್ರ ಈ ಲೆಕ್ಕಕ್ಕೇ ಬರುವುದಿಲ್ಲ. ಅದು ಬಟ್ಟೆಗೆ ಹಾಕುವ ಬಣ್ಣ, ಯಾವ ಆಹಾರದಲ್ಲೂ ಎಳ್ಳಷ್ಟೂ ಇರಕೂಡದು.

2024ರ ಆರಂಭದಲ್ಲಿ ವಿಷಯ ಕಾವೇರಿತು. ಗೋವಾದ ಮಾಪುಸಾ ಪಟ್ಟಣದ ಪುರಸಭೆ ಗೋಬಿ ಮಂಚೂರಿಯ ಮೇಲೆಯೇ ನಿಷೇಧ ಹೇರಿತು. ಫೆಬ್ರುವರಿಯಲ್ಲಿ ಪುದುಚೇರಿ, ತಮಿಳುನಾಡು ಬಾಂಬೆ ಮಿಠಾಯಿಯನ್ನು ನಿಷೇಧಿಸಿದವು. ಆ ಹೊತ್ತಿಗೆ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಮಾದರಿ ಸಂಗ್ರಹಿಸಿತು. ಗೋಬಿಯ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂದವು. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಸಿಕ್ಕವು. ಬಾಂಬೆ ಮಿಠಾಯಿಯ 25ರಲ್ಲಿ 15 ಅಸುರಕ್ಷಿತ, ಅಲ್ಲಿ ರೋಡಮಿನ್-ಬಿಯೂ ಇತ್ತು. ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ನಿಷೇಧ ಪ್ರಕಟಿಸಿದರು. ಉಲ್ಲಂಘಿಸಿದರೆ 7 ವರ್ಷದವರೆಗೆ ಸೆರೆ, 10 ಲಕ್ಷ ರೂಪಾಯಿವರೆಗೆ ದಂಡ. ಜೂನ್‌ನಲ್ಲಿ ಕಬಾಬಿನ ಸರದಿ: 39 ಮಾದರಿಗಳಲ್ಲಿ 8 ಕೆಟ್ಟವು, ಅಲ್ಲಿಯೂ ಕೃತಕ ಬಣ್ಣಕ್ಕೆ ನಿಷೇಧ ಬಂತು. ಅದರ ಬೆನ್ನಿಗೇ ಪಾನಿಪೂರಿಯ 260 ಮಾದರಿಗಳಲ್ಲಿ 41 ಅಸುರಕ್ಷಿತ ಎಂಬ ವರದಿ ಬಂತು.

ಕಾನೂನು ಬಣ್ಣ ಬೇಡ ಎಂದಿತು. ಬಣ್ಣವಿಲ್ಲದೆ ಗೋಬಿ ಮಾಡುವ ಬಗೆ ಗಾಡಿಯವರೇ ಕಂಡುಕೊಳ್ಳಬೇಕಾಯಿತು. ಹಾದಿ ಇದೆ, ಹಾವೇರಿ ಜಿಲ್ಲೆಯ ಊರಿನ ಹೆಸರು ಹೊತ್ತ ಬ್ಯಾಡಗಿ ಮೆಣಸಿನಕಾಯಿಯ ಮೂಲಕ. ಖಾರ ಕಡಿಮೆ, ಬಣ್ಣ ಹೆಚ್ಚು, ಸಿಪ್ಪೆ ಸುಕ್ಕು. 2011ರಲ್ಲಿ ಇದಕ್ಕೆ ಭೌಗೋಳಿಕ ಮಾನ್ಯತೆಯೂ ಸಿಕ್ಕಿದೆ. ಎಲ್ಲಿ, ಯಾವಾಗ ಹಾಕಬೇಕು ಎಂಬುದರಲ್ಲೇ ಗುಟ್ಟಿದೆ.

ಬಿಡಿಸಿದ ಹೂಕೋಸು ಒಂದು ಕಿಲೋ ಎಂದು ಲೆಕ್ಕ ಹಿಡಿಯೋಣ. ಎಲೆ, ದಂಟು ತೆಗೆದ ಮೇಲೆ ಇಷ್ಟು ಉಳಿಯಲು ಮಾರುಕಟ್ಟೆಯಲ್ಲಿ ಒಂದೂಮುಕ್ಕಾಲು ಕಿಲೋ ತೂಗುವ ಹೂಗಳು ಬೇಕು. ಉಪ್ಪು, ಅರಿಸಿನದ ಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಸಂದಿನ ಹುಳು ಮೇಲೆ ಬರುತ್ತವೆ. ಆಮೇಲೆ ಕುದಿಯುವ ನೀರಿಗೆ ಎರಡೇ ನಿಮಿಷ. ಹೆಚ್ಚು ಬೇಯಿಸಿದರೆ ಒಳಗೆ ಮುದ್ದೆಯಾಗುತ್ತದೆ. ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಬೇಕು. ಗಾಡಿಯಲ್ಲಿ ಹೆಚ್ಚು ಕೆಡುವುದು ಇಲ್ಲಿಯೇ: ಒದ್ದೆ ಹೂವಿಗೆ ಹಿಟ್ಟು ಹಿಡಿಯುವುದಿಲ್ಲ, ಎಣ್ಣೆಯಲ್ಲಿ ಕಳಚಿಕೊಂಡು ತಳ ಸೇರಿ ಸೀಯುತ್ತದೆ.

ಹದಿನೈದು ಬ್ಯಾಡಗಿಯ ಬೀಜ ತೆಗೆದು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ನುಣ್ಣಗೆ ರುಬ್ಬಿಟ್ಟುಕೊಳ್ಳಬೇಕು. ಹಿಟ್ಟಿಗೆ ಮೈದಾ 120 ಗ್ರಾಂ, ಕಾರ್ನ್‌ಫ್ಲೋರ್ 80, ಅಕ್ಕಿಹಿಟ್ಟು 50, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಎರಡು ಚಮಚ, ಉಪ್ಪು. ರುಬ್ಬಿದ ಮೆಣಸಿನಕಾಯಿಯಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಇದಕ್ಕೆ. ಸೌಟಿನ ಬೆನ್ನಿಗೆ ತೆಳ್ಳಗೆ ಅಂಟುವಷ್ಟು ನೀರು ಸಾಕು. ಮೈದಾ ಜಾಸ್ತಿಯಾದರೆ ಆರಿದ ಮೇಲೆ ತೊಗಲಿನಂತೆ ಎಳೆಯುತ್ತದೆ, ಅಕ್ಕಿಹಿಟ್ಟು ಅದನ್ನು ತಡೆಯುತ್ತದೆ. ಮೊದಲ ಕರಿತ 160 ಡಿಗ್ರಿಯಲ್ಲಿ ನಾಲ್ಕು ನಿಮಿಷ. ಆರಿದ ಮೇಲೆ ಎರಡನೆಯದು 180 ಡಿಗ್ರಿ ದಾಟಿದ ಎಣ್ಣೆಯಲ್ಲಿ ಒಂದೂವರೆ ನಿಮಿಷ. ಬಾಣಲೆ ತುಂಬ ಒಟ್ಟಿಗೆ ಸುರಿದರೆ ಎಣ್ಣೆಯ ಬಿಸಿ ಕುಸಿದು ಹಿಟ್ಟು ಎಣ್ಣೆ ಕುಡಿಯುತ್ತದೆ.

ಉಳಿದ ಎರಡು ಪಾಲು ಮೆಣಸಿನಕಾಯಿ ಸಾಸ್‌ಗೆ. ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಅದನ್ನು ಸಣ್ಣ ಉರಿಯಲ್ಲಿ ಎರಡು ನಿಮಿಷ ಬಾಡಿಸಿದರೆ ಎಣ್ಣೆ ಕೆಂಪಗೆ ಬಿಟ್ಟುಕೊಳ್ಳುತ್ತದೆ. ಕರಿಯುವಾಗ ಶತ್ರುವಾಗಿದ್ದ ಗುಣವೇ ಇಲ್ಲಿ ಕೆಲಸಕ್ಕೆ ಬರುತ್ತದೆ, ಬಣ್ಣ ಹೊತ್ತ ಆ ಎಣ್ಣೆಯೇ ಗೋಬಿಯ ಮೈಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಉರಿ ಏರಿಸಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಈರುಳ್ಳಿ, ಕ್ಯಾಪ್ಸಿಕಂ. ಸೋಯಾ ಸಾಸ್ ಎರಡು ಸಣ್ಣ ಚಮಚ ಮೀರಬಾರದು, ಮೀರಿದರೆ ಕೆಂಪೆಲ್ಲ ಮುಳುಗಿಹೋಗುತ್ತದೆ. ಸ್ವಲ್ಪ ಟೊಮೆಟೊ ಸಾಸ್, ಕೊನೆಗೆ ಒಂದು ಚಮಚ ವಿನೆಗರ್. ಸಿಗುವುದು ಹಳೆಯ ಗಾಡಿಯ ಪ್ಲಾಸ್ಟಿಕ್ ಕೆಂಪಲ್ಲ, ಇಟ್ಟಿಗೆ ಕೆಂಪು. ಮೆಣಸಿನಕಾಯಿಯ ರುಚಿಯೂ ಜೊತೆಗೆ ಬರುತ್ತದೆ, ಕಲರ್ ಪುಡಿಯಿಂದ ಅದು ಎಂದೂ ಬರುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿಯೂ ಮಾದರಿಯಲ್ಲಿ ಬಣ್ಣ ಸಿಗುವ ಒಂದು ದಾರಿ ಉಳಿದಿದೆ. ಬಾಟಲಿಯಲ್ಲಿ ಬರುವ ಅಗ್ಗದ ಕೆಂಪು ಚಿಲ್ಲಿ ಸಾಸ್‌ನಲ್ಲೇ ಕೃತಕ ಬಣ್ಣ ಇರಬಹುದು. ಲೇಬಲ್‌ನಲ್ಲಿ 102, 110, 122, 124 ಎಂಬ ಅಂಕಿಗಳಿದ್ದರೆ ಅವು ಕ್ರಮವಾಗಿ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್, ಪಾನ್ಸೋ 4ಆರ್. ಕೈಯಾರೆ ಪುಡಿ ಹಾಕದಿದ್ದರೂ ಬಣ್ಣ ತಟ್ಟೆಗೆ ಬಂದಿರುತ್ತದೆ. ವ್ಯಾಪಾರಿಗಳ ತರಬೇತಿಯಲ್ಲಿ ಮೊದಲು ಹೇಳಬೇಕಾದ ಮಾತು ಇದು.

ತಿನ್ನುವವರಿಗೆ ಸುಲಭದ ಪರೀಕ್ಷೆಯೊಂದಿದೆ. ಒಂದು ತುಂಡನ್ನು ಲೋಟದ ನೀರಿಗೆ ಹಾಕಿ ಅಲುಗಾಡಿಸಿದಾಗ ನೀರು ತಿಳಿಯಾಗಿಯೇ ಇದ್ದು ಕಿತ್ತಳೆ ಅಥವಾ ಗುಲಾಬಿ ಬಣ್ಣಕ್ಕೆ ತಿರುಗಿದರೆ ನೀರಲ್ಲಿ ಕರಗುವ ಬಣ್ಣದ ಅನುಮಾನ ಪಡಬಹುದು. ಮೆಣಸಿನಕಾಯಿಯ ಬಣ್ಣವಾದರೆ ನೀರು ಕದಡುತ್ತದೆ, ಕೆಂಪು ಎಣ್ಣೆಯ ಹನಿಗಳು ಮೇಲೆ ತೇಲುತ್ತವೆ. ಪ್ರಯೋಗಾಲಯದ ಬದಲಿಗೆ ಇದು ನಿಲ್ಲದು, ಗಾಡಿ ಆರಿಸಿಕೊಳ್ಳಲು ಸಾಕು. ಟೇಸ್ಟಿಂಗ್ ಪೌಡರ್ (ಅಜಿನೊಮೊಟೊ) ಬಗ್ಗೆ ಇರುವಷ್ಟು ಹೆದರಿಕೆ ಅನಗತ್ಯ, ಹೆಚ್ಚು ಚಿಂತಿಸಬೇಕಾದದ್ದು ಎಣ್ಣೆಯ ಬಗ್ಗೆ.

ಗೋಬಿಯಷ್ಟು ಎಣ್ಣೆ ಕೆಡಿಸುವ ತಿಂಡಿ ಕಡಿಮೆ. ಉದುರಿದ ಹಿಟ್ಟು ತಳದಲ್ಲಿ ಸೀಯುತ್ತದೆ, ಹೂವಿನ ತೇವ ಎಣ್ಣೆಯನ್ನು ಒಡೆಯುತ್ತದೆ, ಎರಡೆರಡು ಸಲ ಕರಿಯುವುದರಿಂದ ಕಾಯುವ ಹೊತ್ತೂ ಜಾಸ್ತಿ. ಕೆಟ್ಟ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ 25 ಮೀರಬಾರದು ಎಂಬ ನಿಯಮ 2018ರ ಜುಲೈ 1ರಿಂದ ಇದೆ. ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕ ಇಡಬೇಕು. ತಳ್ಳುಗಾಡಿಗಳು ಆ ಗೆರೆಯಿಂದ ಎಷ್ಟೋ ಕೆಳಗಿವೆ, ಹಾಗಾಗಿ ಅವು ಆ ಲೆಕ್ಕ ಇಡಬೇಕಿಲ್ಲ. ನೊರೆ ತಗ್ಗದಿರುವುದು, ಉರಿ ಸಣ್ಣಗಿದ್ದಾಗಲೇ ಹೊಗೆ, ಸೌಟಿನಿಂದ ಜಿಗುಟಾಗಿ ಇಳಿಯುವ ಕಪ್ಪು: ಈ ಮೂರು ಕಂಡರೆ ಆ ಎಣ್ಣೆ ಮುಗಿದಿದೆ. ಅದಕ್ಕೆ ಹೊಸ ಎಣ್ಣೆ ಸುರಿದರೆ ಹೊಸದೂ ಬೇಗ ಕೆಡುತ್ತದೆ. ಗಂಟೆಗೊಮ್ಮೆ ಜಾಲರಿಯಿಂದ ಕರಿಕು ತೆಗೆಯುವುದು, ರಾತ್ರಿ ಸೋಸಿಡುವುದು, ಮುಗಿದ ಎಣ್ಣೆಯನ್ನು ಬಯೋಡೀಸೆಲ್‌ಗೆಂದು ಕೊಳ್ಳುವವರಿಗೆ ಕೊಡುವುದು ಗಾಡಿಗೂ ಆಗುವ ಕೆಲಸ.

ಬಣ್ಣ ಹಾಕುತ್ತಿದ್ದಾಗ ಹೊಸ ಎಣ್ಣೆಯ ಗೋಬಿಯೂ ಮೂರು ದಿನದ ಎಣ್ಣೆಯ ಗೋಬಿಯೂ ಒಂದೇ ಕೆಂಪಾಗಿ ಕಾಣುತ್ತಿದ್ದವು. ಬಣ್ಣ ಹೋದ ಗಾಡಿಯಲ್ಲಿ ಮೊದಲನೆಯದು ಹೊನ್ನಗಂದು, ಎರಡನೆಯದು ಮಸಿಗಂದು. ರಸ್ತೆಯಲ್ಲಿ ನಿಂತೇ, ದುಡ್ಡು ಕೊಡುವ ಮುಂಚೆಯೇ, ಈಗ ಅದು ಕಣ್ಣಿಗೆ ಬೀಳುತ್ತದೆ.