ಪದ ಪರಿಚಯ: ಗಮನದ ಉಳಿಕೆ

ಕೈ ಹೊಸ ಕೆಲಸವನ್ನು ಹಿಡಿದ ಮೇಲೂ ಮನಸ್ಸಿನ ಒಂದು ಪಾಲು ಹಿಂದಿನ ಕೆಲಸದಲ್ಲೇ ತೊಡಗಿಕೊಂಡಿದ್ದರೆ ಆ ಸ್ಥಿತಿಯನ್ನು ‘ಗಮನದ ಉಳಿಕೆ’ ಎನ್ನಬಹುದು. ಇಂಗ್ಲಿಷಿನ ‘ಅಟೆನ್ಶನ್ ರೆಸಿಡ್ಯೂ’ ಎಂಬ ಈ ಪರಿಕಲ್ಪನೆ, ಸಂಶೋಧಕಿ ಸೋಫಿ ಲೆರಾಯ್ ಅವರು 2009ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಹೆಚ್ಚು ಪರಿಚಿತವಾಯಿತು.

ಬದಿಯಡ್ಕದ ಕಡೆಯ ಯುವತಿಯೊಬ್ಬಳು ಕೇರಳ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾಳೆ ಎಂದಿಟ್ಟುಕೊಳ್ಳೋಣ. ಹೊಸ ಚಾಲಿ ಅಡಿಕೆಗೆ ಧಾರಣೆ ಏರಿದೆ ಎಂಬ ವಾಟ್ಸಪ್ ಸಂದೇಶವನ್ನು ಅಪ್ಪ ಅವಳಿಗೂ ಕಳುಹಿಸಿ, ‘ಕೊಡುವುದಾ, ಇನ್ನೂ ಇಡುವುದಾ?’ ಎಂದು ಕೇಳಿದ್ದಾರೆ. ಅವಳು ಅದನ್ನು ಓದಿ, ಉತ್ತರಿಸದೆ, ಮೊಬೈಲನ್ನು ಮಗುಚಿ ಇಡುತ್ತಾಳೆ. ವೈಕಂ ಸತ್ಯಾಗ್ರಹ 1924, ಗುರುವಾಯೂರು ಸತ್ಯಾಗ್ರಹ 1931 ಎಂಬ ಸಾಲುಗಳ ಮೇಲೆ ಕಣ್ಣು ಓಡುತ್ತದೆಯಾದರೂ, ಸುಲಿದಿಟ್ಟ ಅಡಿಕೆ ಎಷ್ಟು ಚೀಲವಿದೆ, ಮುಂದಿನ ವಾರ ಧಾರಣೆ ಇಳಿದರೆ ಏನು ಗತಿ ಎಂಬ ಲೆಕ್ಕ ಒಳಗೊಳಗೇ ನಡೆದಿರುವುದರಿಂದ ಯಾವ ಇಸವಿ ಯಾವುದಕ್ಕೆ ಸೇರಿದ್ದೆಂಬುದು ಪುಟ ಮುಗಿದರೂ ತಲೆಗೆ ಹತ್ತುವುದಿಲ್ಲ. ಮೊಬೈಲ್ ನೋಡಿದ್ದು ಅರ್ಧ ನಿಮಿಷವೇ ಇರಬಹುದು. ನಷ್ಟವಾದದ್ದು ಆಮೇಲಿನ ಓದು. ಏಕಾಗ್ರತೆಯ ಬಗ್ಗೆ ಉಪದೇಶಿಸುವವರು ಹೆಚ್ಚಾಗಿ ಆ ಅರ್ಧ ನಿಮಿಷವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಅರ್ಧಕ್ಕೆ ನಿಂತ ಕೆಲಸ ಮನಸ್ಸನ್ನು ಹೆಚ್ಚು ಎಳೆಯುತ್ತದೆ ಎಂಬುದು ಲೆರಾಯ್ ಅವರ ಪ್ರಯೋಗಗಳಲ್ಲಿ ಕಂಡುಬಂತು. ಆದರೆ ಕೆಲಸ ಮುಗಿದ ಮಾತ್ರಕ್ಕೆ ಮನಸ್ಸು ಬಿಡುಗಡೆಯಾಗುತ್ತದೆ ಎಂದೂ ಅಲ್ಲ. ಸಮಯದ ಒತ್ತಡದಲ್ಲಿ ಮುಗಿಸಿದವರು ಮುಂದಿನ ಕೆಲಸಕ್ಕೆ ಸುಲಭವಾಗಿ ಹೊರಳಿದರೆ, ಆರಾಮವಾಗಿ ಮುಗಿಸಿದವರಲ್ಲಿ ಉಳಿಕೆ ಹೆಚ್ಚಿತ್ತು; ಒಂದು ಗಡುವು ಹಾಕಿಕೊಂಡು ಓದಲು ಕೂರುವುದಕ್ಕೆ ಇಲ್ಲಿ ಒಂದು ಕಾರಣ ಸಿಗುತ್ತದೆ.

ಲೆರಾಯ್ ಮತ್ತು ಥೆರೆಸಾ ಗ್ಲಾಂಬ್ ಅವರು 2018ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೊಂದು ಪರಿಹಾರವನ್ನೂ ಪರೀಕ್ಷಿಸಿತು. ನಡುವೆ ಎದ್ದು ಬೇರೆ ಕೆಲಸಕ್ಕೆ ಹೋಗಬೇಕಾದಾಗ, ಎಲ್ಲಿಗೆ ನಿಲ್ಲಿಸಿದೆ, ಮರಳಿದ ಮೇಲೆ ಮೊದಲು ಏನು ಮಾಡಬೇಕು ಎಂಬುದನ್ನು ಚುಟುಕಾಗಿ ಬರೆದಿಟ್ಟವರು ನಡುವೆ ಬಂದ ಆ ಕೆಲಸವನ್ನು ಹೆಚ್ಚು ಚೆನ್ನಾಗಿ ಮಾಡಿದರು. ಓದುವವರು ಪುಸ್ತಕದ ಅಂಚಿನಲ್ಲಿ ‘ಗುರುವಾಯೂರು ಮುಗಿಯಿತು, ಇನ್ನು ಪಾಲಿಯಂ ಸತ್ಯಾಗ್ರಹ’ ಎಂದು ಪೆನ್ಸಿಲಿನಲ್ಲಿ ಗೀಚಿಟ್ಟರೂ ಸಾಕು. ಅಪ್ಪನ ಸಂದೇಶಕ್ಕೂ ‘ಸಂಜೆ ಕೂತು ಮಾತಾಡುವ’ ಎಂದು ಉತ್ತರಿಸಿದರೆ ಆ ವಿಷಯಕ್ಕೆ ಒಂದು ಹೊತ್ತು ನಿಗದಿಯಾಗುತ್ತದೆ. ನೋಟಿಫಿಕೇಶನ್ ಬಂದ್ ಮಾಡುವುದು ಒಳ್ಳೆಯದೇ. ಆದರೆ ಈಗಾಗಲೇ ಓದಿ ಉತ್ತರಿಸದೆ ಬಿಟ್ಟ ಸಂದೇಶವನ್ನು ಅದು ತಲೆಯಿಂದ ತೆಗೆಯಲಾರದು.

ಎಲ್ಲ ಬಗೆಯ ಚಂಚಲತೆಗೂ ಈ ಪದವನ್ನು ಅಂಟಿಸುವುದು ಮಾತ್ರ ಸರಿಯಲ್ಲ. ಲೆರಾಯ್ ಪರಿಶೀಲಿಸಿದ್ದು ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕೆ ಹೊರಳುವುದನ್ನು. ಬೇಸರ ಕಳೆಯಲು ರೀಲ್ಸ್ ನೋಡುತ್ತ ಕೂರುವವರಿಗೆ ಅರ್ಧಕ್ಕೆ ಬಿಟ್ಟ ಕೆಲಸದ ಸೆಳೆತಕ್ಕಿಂತ ಅಭ್ಯಾಸದ ಸೆಳೆತವೇ ದೊಡ್ಡದಿರಬಹುದು, ಅಂಥವರಿಗೆ ಅಂಚಿನ ಟಿಪ್ಪಣಿಗಿಂತ ಮೊಬೈಲನ್ನು ಬೇರೆ ಕೋಣೆಯಲ್ಲಿಡುವುದೇ ಹೆಚ್ಚು ಉಪಯೋಗಕ್ಕೆ ಬಂದೀತು.