ಕ್ಯಾಚ್ ಅಂಡ್ ರಿಲೀಸ್: ನೀರಿಗೆ ಬಿಟ್ರೆ ಮುಗೀತಾ?

ಮತ್ತೊಂದು ರೀಲ್ ಬಂತು. ಒಂದು ಮೀನನ್ನ ಒಣ ಕೈಯಲ್ಲಿ ಎದೆಗೆ ಅವುಚ್ಕೊಂಡು, ಒಬ್ಬರಾದ ಮೇಲೆ ಒಬ್ಬರು ನಾಲ್ಕು ಜನ ಫೋಟೋ ತೆಗೆಸ್ಕೊಂಡು, ಕೊನೆಗೆ ಬೋಟ್ ಮೇಲಿಂದ ಅದನ್ನ ಎಸೆದು 'ಕ್ಯಾಚ್ ಅಂಡ್ ರಿಲೀಸ್, ಫುಲ್ ಸಸ್ಟೈನಬಲ್' ಅಂತ ಬರ್ಕೊಂಡಿದಾರೆ. ಕ್ಯಾಚ್ ಅಂಡ್ ರಿಲೀಸ್ ಅಂದ್ರೆ ಹಿಡಿದ ಮೀನನ್ನ ವಾಪಸ್ ನೀರಿಗೆ ಬಿಡೋದು, ಸಸ್ಟೈನಬಲ್ ಅಂದ್ರೆ ಮುಂದೆಯೂ ಉಳಿಯೋ ಹಾಗೆ ನಡ್ಕೊಳ್ಳೋದು, ಇವೆರಡೂ ಒಂದೇ ಅನ್ನೋ ಹಾಗೆ ಬಳಸೋದನ್ನ ನೋಡಿ ನೋಡಿ ಸಾಕಾಗಿದೆ. ಎರಡೂ ಬೇರೆ ಬೇರೆ, ಮತ್ತೆ ಆ ವಿಡಿಯೋದಲ್ಲಿ ನಡೆದದ್ದು ಎರಡರಲ್ಲಿ ಒಂದೂ ಅಲ್ಲ.

ಅಮೆರಿಕದಲ್ಲಿ ಕ್ಯಾಚ್ ಅಂಡ್ ರಿಲೀಸ್ ಪದ್ಧತಿ ಜಾರಿಗೆ ಬಂದದ್ದೇ ಒಂದು ಲೆಕ್ಕಾಚಾರದಿಂದ. ಅಲ್ಲಿನ ಮಿಶಿಗನ್ ರಾಜ್ಯದಲ್ಲಿ 1952ರಲ್ಲಿ ಇದನ್ನ ರೂಲ್ ಮಾಡಿ ತಂದಾಗ ಇದ್ದ ಕಾರಣ ಖರ್ಚು, ಹ್ಯಾಚರಿಯಲ್ಲಿ ಟ್ರೌಟ್ ಅನ್ನೋ ಮೀನಿನ ಮರಿ ಸಾಕಿ ಸಾಕಿ ಹೊಳೆಗೆ ಬಿಡೋದು ದುಬಾರಿ ಆಗ್ತಿತ್ತು, ಹಿಡಿದ ಮೀನನ್ನ ವಾಪಸ್ ಬಿಟ್ರೆ ಅದೇ ಮೀನು ಇನ್ನೊಬ್ಬರಿಗೂ ಸಿಗುತ್ತೆ ಅಂತ. ಅಂದ್ರೆ ಬಿಟ್ಟ ಮೀನು ಬದುಕಬೇಕು ಅನ್ನೋದು ಪದದ ಅರ್ಥದ ಒಳಗೇ ಇದೆ. ಸಾಯೋ ಮೀನನ್ನ ಬಿಟ್ರೆ ಅದು ರಿಲೀಸ್ ಆಗಲ್ಲ, ನಾವು ತಿನ್ನಲಿಲ್ಲ ಅಷ್ಟೇ.

ಇದನ್ನ ಸರಿಯಾಗಿ ಅರ್ಥ ಮಾಡ್ಕೋಬೇಕಂದ್ರೆ ಬೆಲೀಜ್ ನೋಡಬೇಕು. ಮಧ್ಯ ಅಮೆರಿಕದಲ್ಲಿ ಕೆರಿಬಿಯನ್ ಕಡಲಿಗೆ ಅಂಟ್ಕೊಂಡಿರೋ ಪುಟ್ಟ ದೇಶ, ಅಲ್ಲಿಗೆ ಜನ ದುಡ್ಡು ಖರ್ಚು ಮಾಡಿ ಹೋಗೋದು ಬೋನ್‌ಫಿಶ್, ಪರ್ಮಿಟ್, ಟಾರ್ಪನ್ ಅನ್ನೋ ಮೂರು ಮೀನಿಗೆ, ಮೂರೂ ಒಂದೇ ದಿನ ಸಿಕ್ಕಿದ್ರೆ ಗ್ರ್ಯಾಂಡ್ ಸ್ಲ್ಯಾಮ್ ಅಂತಾರೆ. ಇವು ಸಿಗೋ ಜಾಗಕ್ಕೆ ಫ್ಲ್ಯಾಟ್ಸ್ ಅಂತ ಹೆಸರು, ಮೊಣಕಾಲುದ್ದದ ನೀರು, ಅಡಿಯಲ್ಲಿ ಮರಳು, ಕಡಲ ಹುಲ್ಲು, ಪಕ್ಕದಲ್ಲೇ ಕಾಂಡ್ಲಾ ಅಂದ್ರೆ ಮ್ಯಾಂಗ್ರೋವ್ ಕಾಡು. ಎಂಜಿನ್ ಸದ್ದಿಗೆ ಮೀನು ಓಡಿಹೋಗುತ್ತೆ, ಹಾಗಾಗಿ ಗೈಡ್ ಬೋಟಿನ ಹಿಂಭಾಗದಲ್ಲಿ ನಿಂತು ಉದ್ದನೆ ಕೋಲು ಊರಿ ಊರಿ ತಳ್ತಾ ಹೋಗ್ತಾರೆ. ಬೋನ್‌ಫಿಶ್ ತಲೆ ಕೆಳಗೆ ಮಾಡಿ ಮರಳಲ್ಲಿ ಏಡಿ, ಸಿಗಡಿ ಹುಡುಕುವಾಗ ಅದರ ಬಾಲದ ತುದಿ ಮಾತ್ರ ನೀರಿಂದ ಆಚೆ ಕಾಣುತ್ತೆ, ಅದನ್ನ ನೋಡಿ ಗಾಳ ಎಸೀಬೇಕು.

ಗಾಳ ಕಚ್ಚಿದ ತಕ್ಷಣ ಬೋನ್‌ಫಿಶ್ ದಾರ ಎಳ್ಕೊಂಡು ಎಂಥಾ ಓಟ ಓಡುತ್ತೆ ಅಂದ್ರೆ ಹತ್ತಿರ ಬರೋ ಹೊತ್ತಿಗೆ ಅದರ ಶಕ್ತಿಯೆಲ್ಲ ಮುಗಿದಿರುತ್ತೆ. ಅಸಲಿ ಕೆಲಸ ಇರೋದು ಇಲ್ಲಿಂದ. ಕೈ ಮೊದಲೇ ಒದ್ದೆ ಮಾಡ್ಕೋಬೇಕು, ಯಾಕಂದ್ರೆ ಮೀನಿನ ಮೈಮೇಲಿನ ಲೋಳೆ ಅದಕ್ಕೆ ರಕ್ಷಣೆ, ಒಣ ಕೈಯಲ್ಲಿ ಹಿಡಿದ್ರೆ ಅದು ಕಿತ್ತುಬರುತ್ತೆ. ಗಾಳದ ಮುಳ್ಳನ್ನ ಇಕ್ಕಳದಲ್ಲಿ ಮೊದಲೇ ಒತ್ತಿ ಚಪ್ಪಟೆ ಮಾಡಿದ್ರೆ ಬಿಡಿಸೋದು ಒಂದು ಕ್ಷಣದ ಕೆಲಸ. ಕಿವಿರಿಗೆ ಬೆರಳು ಹಾಕಬಾರದು. ಮೀನನ್ನ ನೀರಲ್ಲೇ ಇಟ್ಕೊಂಡು ಇದೆಲ್ಲ ಮಾಡಬೇಕು, ಮೇಲೆ ಎತ್ತಿದ್ರೂ ಹತ್ತು ಸೆಕೆಂಡ್ ದಾಟಬಾರದು. ಆಮೇಲೆ ಅದು ನೆಟ್ಟಗೆ ನಿಂತು ತಾನಾಗೇ ಬಾಲ ಬಡಿಯೋ ತನಕ ಮೆಲ್ಲಗೆ ಹಿಡ್ಕೊಂಡಿರಬೇಕು. ಈ ಕೊನೇ ಹೆಜ್ಜೆ ಯಾಕೆ ಮುಖ್ಯ ಅಂದ್ರೆ ಬಹಾಮಾಸ್‌ನ ಎಲ್ಯೂಥೆರಾ ದ್ವೀಪದಲ್ಲಿ ವಿಜ್ಞಾನಿಗಳು ಬಿಟ್ಟ ಬೋನ್‌ಫಿಶ್‌ಗಳ ಹಿಂದೆ ಬಿದ್ದು ನೋಡಿದ್ರು, ಬಿಡುವಾಗ ಬ್ಯಾಲೆನ್ಸ್ ತಪ್ಪಿ ಮಗುಚಿದ ಮೀನು ಶಾರ್ಕ್, ಬರಾಕುಡಾಗಳ ಬಾಯಿಗೆ ಬೀಳೋ ಸಾಧ್ಯತೆ ಆರು ಪಟ್ಟಿಗಿಂತ ಜಾಸ್ತಿ ಇತ್ತು. ಅದೂ ನಾವು ನಗ್ತಾ ಅದಕ್ಕೆ ಟಾಟಾ ಮಾಡಿದ ಸ್ವಲ್ಪ ಹೊತ್ತಲ್ಲೇ, ನಮ್ಮ ಕಣ್ಣಿಗೆ ಬೀಳದ ದೂರದಲ್ಲಿ.

ಇಷ್ಟೆಲ್ಲ ಸರಿಯಾಗಿ ಮಾಡಿದ್ರೂ ಅದು ಒಳ್ಳೆ ಕ್ಯಾಚ್ ಅಂಡ್ ರಿಲೀಸ್ ಆಯ್ತು ಹೊರತು ಸಸ್ಟೈನಬಲ್ ಟೂರಿಸಂ ಇನ್ನೂ ಆಗಲಿಲ್ಲ. ಜನಕ್ಕೆ ಅರ್ಥ ಆಗದೇ ಇರೋದು ಇದೇ ಜಾಗ. ಸಸ್ಟೈನಬಲ್ ಅನ್ನೋದು ಒಬ್ಬ ಟೂರಿಸ್ಟ್ ಒಂದು ಮೀನಿನ ಜೊತೆ ನಡ್ಕೊಂಡ ರೀತಿಗೆ ಹೇಳೋ ಮಾತಲ್ಲ, ಒಂದು ಇಡೀ ಕರಾವಳಿಗೆ ಹೇಳೋ ಮಾತು. ಬೆಲೀಜ್ 2009ರಲ್ಲಿ ಆ ಮೂರೂ ಮೀನನ್ನ ಹಿಡಿದ್ರೆ ಬಿಡ್ಲೇಬೇಕು ಅಂತ ಕಾನೂನು ಮಾಡ್ತು. 2010ರ ಕೊನೆಗೆ ಟ್ರಾಲಿಂಗ್, ಅಂದ್ರೆ ಬೋಟಿಗೆ ದೊಡ್ಡ ಬಲೆ ಕಟ್ಟಿ ಎಳ್ಕೊಂಡು ಹೋಗೋದನ್ನ ನಿಲ್ಲಿಸ್ತು. 2020ರ ನವೆಂಬರ್‌ನಲ್ಲಿ ಗಿಲ್‌ನೆಟ್, ಅಂದ್ರೆ ಮೀನಿನ ಕಿವಿರು ಸಿಕ್ಕಿಹಾಕ್ಕೊಳ್ಳೋ ಬಲೆ ಇದೆಯಲ್ಲ ಅದನ್ನ ಪೂರ್ತಿ ಬ್ಯಾನ್ ಮಾಡ್ತು, ಇದಕ್ಕಾಗಿ ಹೋರಾಡಿದವರಲ್ಲಿ ಸ್ಪೋರ್ಟ್ ಫಿಶಿಂಗ್‌ನವರೂ ಇದ್ರು. ಬಲೆ ನಂಬಿ ಬದುಕ್ತಿದ್ದ ಮೀನುಗಾರರಿಗೆ ಬೇರೆ ಕೆಲಸಕ್ಕೆ ಹೋಗೋಕೆ ಸಹಾಯ ಕೊಡ್ತೀವಿ ಅನ್ನೋದೂ ಅದರ ಜೊತೆಗೇ ಬಂತು, ಬರಲೇಬೇಕಿತ್ತು, ಅವರನ್ನ ಬಿಟ್ಟು ಮಾಡಿದ್ದನ್ನ ಸಸ್ಟೈನಬಲ್ ಅಂತ ಕರೆಯೋಕೆ ನನ್ನಿಂದಂತೂ ಆಗಲ್ಲ.

ಜಾಗದ ಪ್ರಶ್ನೆ ಇನ್ನೂ ದೊಡ್ಡದು. ಬೆಲೀಜ್‌ನ ಹವಳದ ದಿಬ್ಬ 1996ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿದೆ, ಆದ್ರೆ 2009ರಲ್ಲಿ ಅದನ್ನ ಅಪಾಯದ ಪಟ್ಟಿಗೆ ಹಾಕಿದ್ರು, ಕಾಂಡ್ಲಾ ಕಡಿಯೋದು, ರಿಸಾರ್ಟ್ ಕಟ್ಟೋದಕ್ಕೆ ಜಾಗ ಮಾರೋದು ಎಲ್ಲ ಕಾರಣ. ಕಡಲಲ್ಲಿ ಎಣ್ಣೆ ಹುಡುಕೋದನ್ನ ನಿಲ್ಲಿಸಿ ಕಾಂಡ್ಲಾ ನಿಯಮ ಬಿಗಿ ಮಾಡಿದ ಮೇಲೆ 2018ರಲ್ಲಿ ಅಪಾಯದ ಪಟ್ಟಿಯಿಂದ ತೆಗೆದ್ರು. ಆದ್ರೂ ಸ್ಯಾನ್ ಪೆಡ್ರೊ ಪಟ್ಟಣದ ಹತ್ತಿರದ ಕಾಯೊ ರೊಸಾರಿಯೊ ದ್ವೀಪದಲ್ಲಿ ನೀರಿನ ಮೇಲೆ ವಿಲ್ಲಾ ಕಟ್ಟೋ ಪ್ಲಾನ್ ಬಂದಾಗ ಅಲ್ಲಿನ ಗೈಡ್‌ಗಳು ಬೀದಿಗೆ ಇಳೀಬೇಕಾಯ್ತು, ಯಾಕಂದ್ರೆ ಅವರ ಫ್ಲ್ಯಾಟ್ಸ್ ಅದೇ. ಕಾಂಡ್ಲಾ ಕಡಿದು ಕಟ್ಟಿದ ರಿಸಾರ್ಟಲ್ಲಿ ಉಳ್ಕೊಂಡು ಮೀನನ್ನ ಮುತ್ತು ಕೊಟ್ಟು ಬಿಟ್ರೂ ಪ್ರಯೋಜನ ಇಲ್ಲ, ಅದರ ಮರಿಗಳಿಗೆ ಬೆಳೆಯೋಕೆ ಜಾಗಾನೇ ಇಲ್ವಲ್ಲ.

ನಮ್ಮ ಕಾವೇರಿಯಲ್ಲೂ ಇದೇ ಪಾಠ ಇದೆ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಕ್ಯಾಂಪ್‌ಗಳಿಗೆ ಬಿಳಿಮೀನು ಅಂದ್ರೆ ಮಾಸೀರ್ ಹಿಡಿಯೋಕೆ ಹೊರದೇಶದಿಂದ ಜನ ಬರ್ತಿದ್ರು, ಹಿಡಿದು ಬಿಡೋದೇ ನಿಯಮ ಆಗಿತ್ತು, ಹಿಡಿದದ್ದನ್ನೆಲ್ಲ ಬರೆದಿಡ್ತಿದ್ರು. ವನ್ಯಧಾಮದಲ್ಲಿ ಗಾಳ ಹಾಕೋದೂ ಬೇಟೆಯೇ ಅಂತ ಆಮೇಲೆ ಅದೆಲ್ಲ ನಿಂತುಹೋಯ್ತು. ಗಾಳಿಬೋರೆಯ 1998ರಿಂದ 2012ರ ದಾಖಲೆ ತೆಗೆದು ನೋಡಿದ್ರೆ ಸಿಕ್ಕ ಮಾಸೀರ್‌ಗಳ ಸಂಖ್ಯೆ ಜಾಸ್ತಿನೇ ಆಗಿತ್ತು, ಆದ್ರೆ ಕಾವೇರಿಯದ್ದೇ ಆದ ಡುಬ್ಬದ ಮಾಸೀರ್ ಕಾಣೆಯಾಗ್ತಾ ಬಂದಿತ್ತು, ಅದರ ಜಾಗದಲ್ಲಿ ಇದ್ದದ್ದು ಹ್ಯಾಚರಿಯಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಬೇರೆ ಜಾತಿ. 2018ರಲ್ಲಿ ಡುಬ್ಬದ ಮಾಸೀರ್ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರ್ತು. ಹಿಡಿದ ಪ್ರತಿ ಮೀನನ್ನೂ ಬಿಟ್ಟ ಹೊಳೆಯಲ್ಲೇ ಹೀಗಾಯ್ತು. ಅದೂ ಗೊತ್ತಾದದ್ದು ಗಾಳ ಹಾಕೋರು ಬರೆದಿಟ್ಟ ಪುಸ್ತಕದಿಂದಲೇ, ಹಾಗಾಗಿ ಆ ಬರೆದಿಡೋ ಕೆಲಸಕ್ಕೆ ಫೋಟೋಗಿಂತ ಎಷ್ಟೋ ಹೆಚ್ಚು ಬೆಲೆ ಇದೆ.

ಇನ್ನು ನಮ್ಮ ಕರಾವಳಿಯಲ್ಲಿ ಬೋಟ್ ಮಾಡ್ಕೊಂಡು ಗಾಳ ಹಾಕೋಕೆ ಹೋಗೋರಿಗೆ. ಗಾಳದಲ್ಲಿ ಸಿಕ್ಕ ಒಂದು ಅಂಜಲ್ ಮನೆಗೆ ತಂದು ತವಾ ಫ್ರೈ ಮಾಡಿ ತಿಂದ್ರೆ ಅದರಲ್ಲಿ ತಪ್ಪೇನೂ ಇಲ್ಲ, ಅದಕ್ಕೆ ಬೇರೆ ಹೆಸರು ಹುಡುಕಬೇಕಾಗೂ ಇಲ್ಲ. ಆದ್ರೆ ಆಳದ ಬಂಡೆಯಿಂದ ಮುರು ಮೀನನ್ನ, ಅಂದ್ರೆ ಗ್ರೂಪರನ್ನ, ಸರ್ರನೆ ಮೇಲೆ ಎಳೆದಾಗ ಒತ್ತಡ ತಗ್ಗಿ ಅದರ ಗಾಳಿಚೀಲ ಉಬ್ಬುತ್ತೆ, ಕೆಲವೊಮ್ಮೆ ಹೊಟ್ಟೆ ಬಾಯಿಂದ ಆಚೆ ಬಂದಿರುತ್ತೆ, ಅಂಥದ್ದನ್ನ ಹಾಗೇ ನೀರಿಗೆ ಬಿಟ್ರೆ ಕೆಳಗೆ ಇಳಿಯೋಕಾಗದೆ ಮೇಲೇ ತೇಲ್ತಾ ಸಾಯುತ್ತೆ. ಅಂಥ ಕಡೆ ತಿನ್ನೋಕೆ ಬೇಕಾದಷ್ಟು ಸಿಕ್ಕ ಮೇಲೆ ಗಾಳ ಎತ್ತಿ ಬೇರೆ ಜಾಗಕ್ಕೆ ಹೋಗಿ.